ಡ್ರಿಲ್ ಮುಟ್ಟಿಸದೆ ಎಬ್ಬಿಸಿದ ದೊಡ್ಡಪ್ಪನ ಸೈಕಲ್

ಸೈಕಲ್ ಅಟ್ಟದ ತೊಲೆಗೆ ನೇತಾಡುತ್ತಿತ್ತು. ತೆಂಗಿನ ನಾರಿನ ಹಗ್ಗ, ಎರಡು ಕಡೆ ಗಂಟು. ಬಿಚ್ಚಿ ಇಳಿಸುವಾಗ ಮಡ್‌ಗಾರ್ಡ್ ಮೇಲಿದ್ದ ದೂಳೆಲ್ಲ ನನ್ನ ತಲೆ ಮೇಲೆ ಸುರಿಯಿತು. ದೊಡ್ಡಪ್ಪ ಕೆಳಗೆ ಏಣಿ ಹಿಡಿದುಕೊಂಡು, "ಹ್ಯಾಂಡಲ್ ನೋಡ್ಕೊಳೋ, ಗೋಡೆಗೆ ತಾಗುತ್ತೆ" ಅನ್ನುತ್ತಿದ್ದರು. ದೊಡ್ಡಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾತಾಡಲಿಲ್ಲ. ಅದನ್ನು ಮೇಲೆ ಕಟ್ಟಿಸಿದ್ದೇ ಅವರು.

1993ರ ಮಳೆಗಾಲ. ದೊಡ್ಡಪ್ಪ ಚಾಮುಂಡಿ ಬೆಟ್ಟ ಇಳಿಯುತ್ತಿದ್ದಾಗ ಜೋರು ಮಳೆ ಬಂತು. ಎರಡೂ ಬ್ರೇಕ್ ಒತ್ತಿದರು. ಸೈಕಲ್ ನಿಲ್ಲಲಿಲ್ಲ. ತಿರುವಿನಲ್ಲಿ ಜಾರಿ ಬಿದ್ದು ಭುಜದ ಮೂಳೆ ಮುರಿಯಿತು. ಪ್ಲಾಸ್ಟರ್ ಹಾಕಿಸಿಕೊಂಡು ಮನೆಗೆ ಬರುವಷ್ಟರಲ್ಲಿ ಸೈಕಲ್ ಅಟ್ಟ ಸೇರಿತ್ತು. ಆಮೇಲೆ ಯಾರೂ ಅದರ ಮಾತೆತ್ತಲಿಲ್ಲ.

ಅದೊಂದು ಡಾಸ್ ಗ್ಯಾಲಕ್ಸಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಕಂಪನಿಯದು. ಈ ಮಾಡೆಲ್ ಬಂದಿದ್ದು 1971ರಲ್ಲಿ. ಬ್ಯಾಗು ಕಟ್ಟಿಕೊಂಡು ದಿನಗಟ್ಟಲೆ ದೂರ ಹೋಗುವವರಿಗೆ ಅಂತಲೇ ಮಾಡಿದ ಟೂರಿಂಗ್ ಸೈಕಲ್. ದೊಡ್ಡಪ್ಪ ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ನಾಲ್ಕು ವರ್ಷ ಇದ್ದರು. 1976ರಲ್ಲಿ ಕೊಂಡು, ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಹಡಗಿಗೆ ಹಾಕಿಸಿ ತಂದರು. ಕಡು ಹಸಿರು ಬಣ್ಣ. ಸೀಟ್ ಕೆಳಗಿನ ಕೊಳವೆ ಮೇಲೆ 'ರೆನಾಲ್ಡ್ಸ್ 531' ಅನ್ನುವ ಸ್ಟಿಕ್ಕರ್ ಮುಕ್ಕಾಲು ಪಾಲು ಉಳಿದಿತ್ತು. 531 ಅಂದರೆ ಮ್ಯಾಂಗನೀಸ್, ಮಾಲಿಬ್ಡಿನಮ್ ಬೆರೆಸಿದ ಉಕ್ಕು. 1935ರಲ್ಲಿ ಬಂದಿದ್ದು. ಮಾಮೂಲಿ ಉಕ್ಕಿಗಿಂತ ಗಟ್ಟಿ. ಅದಕ್ಕೇ ಕೊಳವೆಯನ್ನು ತೆಳುವಾಗಿ ಎಳೆಯಬಹುದು, ತೂಕ ಇಳಿಯುತ್ತದೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಕಂಚಿನ ಲೋಟ ತಟ್ಟಿದ ಹಾಗೆ ಸದ್ದು ಬರುತ್ತದೆ. ನಮ್ಮ ಊರಿನ ಕರಿ ಸೈಕಲ್ ತಟ್ಟಿ ನೋಡಿ, ವ್ಯತ್ಯಾಸ ತಾನಾಗಿ ಗೊತ್ತಾಗುತ್ತದೆ.

ಕೆಲಸ ಶುರು ಮಾಡುವ ಮೊದಲೇ ದೊಡ್ಡಪ್ಪ ಒಂದೇ ಮಾತು ಹೇಳಿದರು. "ಏನ್ ಬೇಕಾದ್ರೂ ಹಾಕು, ಏನ್ ಬೇಕಾದ್ರೂ ತೆಗಿ. ಫ್ರೇಮಿಗೆ ಮಾತ್ರ ಗರಗಸ, ಡ್ರಿಲ್ಲು ಮುಟ್ಟಿಸಬೇಡ ಕಣೋ." ನಾನು ಒಪ್ಪಿಕೊಂಡೆ. ನಾಳೆ ಯಾರಾದರೂ ಹಳೆಯ ಭಾಗಗಳನ್ನೇ ವಾಪಸ್ ಹಾಕಬೇಕು ಅಂದರೆ ಒಂದು ದಿನದಲ್ಲಿ ಹಾಕಲು ಆಗಬೇಕು. ಅದೇ ನನ್ನ ನಿಯಮ ಆಯಿತು. ಬಿಚ್ಚಿದ ಪ್ರತಿ ನಟ್ಟು ಬೋಲ್ಟನ್ನೂ ಕವರಿಗೆ ಹಾಕಿ, ಮೇಲೆ ಹೆಸರು ಬರೆದು, ಒಂದು ತಗಡಿನ ಟ್ರಂಕಿನಲ್ಲಿ ಇಟ್ಟೆ. ಕೇಳುವಾಗ ಸುಲಭ ಅನ್ನಿಸಿತ್ತು. ಆರು ತಿಂಗಳಲ್ಲಿ ಈ ಒಂದು ಮಾತು ಎರಡು ಸಲ ನನ್ನ ಕೈ ಕಟ್ಟಿಹಾಕಿತು.

ಜನವರಿಯಲ್ಲಿ ಮೈಸೂರಿನ ಸರಸ್ವತಿಪುರಂನ ದೊಡ್ಡಪ್ಪನ ಮನೆ ಹಿತ್ತಲಲ್ಲೇ ಬಿಚ್ಚಲು ಕೂತೆ. ಚಕ್ರ, ಚೈನು, ಬ್ರೇಕು, ಮಡ್‌ಗಾರ್ಡ್ ಎಲ್ಲ ಒಂದು ಮಧ್ಯಾಹ್ನದಲ್ಲಿ ಕಳಚಿಕೊಂಡವು. ಹ್ಯಾಂಡಲನ್ನು ಫ್ರೇಮಿಗೆ ಸೇರಿಸುವ ಸ್ಟೆಮ್ಮಿನ ಬೋಲ್ಟನ್ನು ನಾಲ್ಕು ಸುತ್ತು ಸಡಿಲ ಮಾಡಿ, ಮೇಲೆ ಮರದ ತುಂಡು ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು. ಒಳಗಿನ ಬೆಣೆ ಕೆಳಗೆ ಬಿತ್ತು, ಸ್ಟೆಮ್ ಸಲೀಸಾಗಿ ಬಂತು. ಪೆಡಲ್ ಕೂರುವ ಕ್ರ್ಯಾಂಕ್ ಎಳೆಯಲು ಪುಲ್ಲರ್ ಬೇಕು, ಅದನ್ನು ಮೊದಲೇ ತರಿಸಿದ್ದೆ. ಸಿಕ್ಕಿಹಾಕಿಕೊಂಡಿದ್ದು ಎರಡು ಕಡೆ. ಒಂದು ಬಾಟಮ್ ಬ್ರಾಕೆಟ್, ಅಂದರೆ ಕ್ರ್ಯಾಂಕಿನ ಆಕ್ಸಲ್ ತಿರುಗುವ ಬೇರಿಂಗ್ ಜೋಡಣೆ; ಅದರ ಬಲಗಡೆಯ 'ಕಪ್ಪು', ಗುಂಡುಗಳು ಕೂರುವ ಥ್ರೆಡ್ ಇರುವ ಬಟ್ಟಲು. ಇನ್ನೊಂದು ಸೀಟನ್ನು ಹೊರುವ ಕೊಳವೆ, ಸೀಟ್ ಪೋಸ್ಟು.

ಕಪ್ಪಿಗೆ ಅರ್ಧ ಗಂಟೆ ಸ್ಪ್ಯಾನರ್ ಹಾಕಿ ಜಗ್ಗಿದೆ. ಅಲುಗಲಿಲ್ಲ. ಸ್ಪ್ಯಾನರ್ ಜಾರಿ ಕೈ ಗೆಣ್ಣು ಕಿತ್ತುಬಂತು. ಮಾರನೆಯ ದಿನ ಫ್ರೇಮನ್ನು ಸ್ಕೂಟರ್ ಮುಂದೆ ನಿಲ್ಲಿಸಿಕೊಂಡು ಮಂಡಿ ಮೊಹಲ್ಲಾದ ಹಳೆಯ ಸೈಕಲ್ ಶಾಪಿಗೆ ಹೋದೆ. ಅಲ್ಲಿನ ಭಾಯ್ ನಲವತ್ತು ವರ್ಷದಿಂದ ಅದೇ ಎರಡು ಗಜ ಜಾಗದಲ್ಲಿ ಕೂತು ಕೆಲಸ ಮಾಡುತ್ತಿರುವವರು. ಫ್ರೇಮ್ ನೋಡಿದ ಕೂಡಲೇ ಕೇಳಿದರು: "ಯಾವ ಕಡೆ ತಿರುಗಿಸಿದ್ರಿ ಸಾರ್?" ನಾನು ಮಾಮೂಲಿ ಥರ, ಎಡಕ್ಕೆ ಅಂದೆ. "ಅಷ್ಟೂ ಹೊತ್ತು ಬಿಗಿ ಮಾಡಿದ್ದೀರ. ಬಲಗಡೆ ಕಪ್ಪು ಯಾವತ್ತೂ ಉಲ್ಟಾ ಥ್ರೆಡ್ಡು."

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆ ಇಂಗ್ಲಿಷ್ ಸೈಕಲ್ ಕೈಗೆ ಸಿಕ್ಕವರು ಮೊದಲು ಎಡವುವುದೇ ಇಲ್ಲಿ. ಪೆಡಲ್ ಮುಂದಕ್ಕೆ ತುಳಿದಾಗ ಆಕ್ಸಲ್ ಒಂದು ದಿಕ್ಕಿಗೆ ತಿರುಗುತ್ತದೆ. ನಡುವೆ ಗುಂಡುಗಳು ಉರುಳುತ್ತಾ ಹೊರಗಿನ ಕಪ್ಪನ್ನು ನಿಧಾನವಾಗಿ ಅದರ ಎದುರು ದಿಕ್ಕಿಗೆ ತಳ್ಳುತ್ತವೆ. ಬಲಗಡೆ ಮಾಮೂಲಿ ಥ್ರೆಡ್ ಇದ್ದರೆ ಕಪ್ಪು ದಾರಿಯಲ್ಲೇ ಸಡಿಲ ಆಗಿಬಿಡುತ್ತದೆ. ಅದಕ್ಕೇ ಅಲ್ಲಿ ಉಲ್ಟಾ ಥ್ರೆಡ್. ಪೆಡಲ್‌ಗಳಲ್ಲಿ ಎಡಗಡೆಯದು ಉಲ್ಟಾ. ಬಾಟಮ್ ಬ್ರಾಕೆಟ್ಟಿನಲ್ಲಿ ಬಲಗಡೆಯದು ಉಲ್ಟಾ. ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಟೂಲ್ ಡಬ್ಬದ ಮುಚ್ಚಳಕ್ಕೆ ಅಂಟಿಸಿಕೊಳ್ಳಿ.

ಭಾಯ್ ಬಿಡಿಸಿದ ರೀತಿ ಮಾತ್ರ ನೋಡುವ ಹಾಗಿತ್ತು. ಅರ್ಧ ಇಂಚಿನ ಉದ್ದ ಬೋಲ್ಟು ತಗೊಂಡರು. ಎಡಗಡೆಯಿಂದ ತೂರಿಸಿ ಬಲಗಡೆ ಕಪ್ಪಿನ ತೂತಿನಿಂದ ಹೊರಗೆ ತಂದರು. ಒಳಗೆ ದಪ್ಪ ವಾಷರು, ಹೊರಗೆ ದಪ್ಪ ವಾಷರು, ಮೇಲೆ ನಟ್ಟು. ಬೋಲ್ಟಿನ ತಲೆಯನ್ನು ಒಳಗಡೆ ಒಂದು ಪಾನಾ ಹಾಕಿ ಹಿಡಿದು ನಟ್ಟನ್ನು ಬಿಗಿಮಾಡಿದರು. ವಾಷರುಗಳು ಕಪ್ಪನ್ನು ಕಚ್ಚಿಕೊಂಡವು. ಆಮೇಲೆ ಒಳಗಿನ ಪಾನಾ ಬಿಟ್ಟು, ನಟ್ಟಿನ ಪಾನಾಕ್ಕೆ ಎರಡಡಿ ಪೈಪ್ ಸಿಕ್ಕಿಸಿ ಅದೇ ದಿಕ್ಕಿಗೆ ಇನ್ನೂ ಎಳೆದರು. ನಟ್ಟು ಬಿಗಿಯಾಗುವ ದಿಕ್ಕೇ ಕಪ್ಪು ಬಿಚ್ಚುವ ದಿಕ್ಕು. ಹಾಗಾಗಿ ಜಾರುವ ಪ್ರಶ್ನೆಯೇ ಇಲ್ಲ. 'ಕರ್ರ್' ಅಂತ ಸಣ್ಣಗೆ ಕೂಗಿ ಕಪ್ಪು ತಿರುಗಿತು. ಐವತ್ತು ರೂಪಾಯಿ ತಗೊಂಡರು. ಆ ಬೋಲ್ಟು, ವಾಷರು ನಾನೂ ಒಂದು ಜೊತೆ ಮಾಡಿಸಿ ಇಟ್ಟುಕೊಂಡಿದ್ದೇನೆ.

ಖುಷಿಯ ವಿಷಯ ಅಂದರೆ ಆ ಥ್ರೆಡ್ ಅಳತೆ ಇವತ್ತಿಗೂ ಬಳಕೆಯಲ್ಲಿದೆ. 1.37 ಇಂಚು, ಇಂಚಿಗೆ 24 ಸುತ್ತು, ಬಾಟಮ್ ಬ್ರಾಕೆಟ್ ಕೂರುವ ಕೊಳವೆಯ ಅಗಲ 68 ಮಿ.ಮೀ. ಬಿಎಸ್‌ಎ ಥ್ರೆಡ್ ಅಂತಲೇ ಹೆಸರು. ನಾವು ಹೈಸ್ಕೂಲಿನಲ್ಲಿ ಆಸೆಪಟ್ಟ ಬಿಎಸ್‌ಎ ಎಸ್‌ಎಲ್‌ಆರ್ ಸೈಕಲ್ ಮೇಲಿದ್ದ ಅದೇ ಮೂರು ಅಕ್ಷರ. ಹೊಸ ಸೀಲ್ಡ್ ಬಾಟಮ್ ಬ್ರಾಕೆಟ್ ತಂದು ಗ್ರೀಸ್ ಸವರಿ ಕೈಯಲ್ಲೇ ತಿರುಗಿಸಿದೆ. ಸುಮಾರು ಐವತ್ತು ವರ್ಷ ಹಳೆಯ ಫ್ರೇಮಿಗೆ ಹೋದ ವಾರ ಬಂದ ಭಾಗ ಸುಮ್ನೆ ಕೂತುಬಿಟ್ಟಿತು.

ಸೀಟ್ ಪೋಸ್ಟ್ ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಪೋಸ್ಟು ಅಲ್ಯೂಮಿನಿಯಂ, ಫ್ರೇಮು ಉಕ್ಕು. ಎರಡು ಲೋಹ ಮುಟ್ಟಿಕೊಂಡು ಮಧ್ಯೆ ಬೆವರು, ತೇವ ಸೇರಿದರೆ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉಬ್ಬುತ್ತದೆ. ಮೂವತ್ತು ವರ್ಷ ಬಿಟ್ಟರೆ ಬೆಸುಗೆ ಹಾಕಿದ ಹಾಗೇ. ಗೆಳೆಯನೊಬ್ಬ ಕಾಸ್ಟಿಕ್ ಸೋಡಾ ಸುರಿ ಅಂದ. ಅದು ಅಲ್ಯೂಮಿನಿಯಂ ಕರಗಿಸುತ್ತದೆ, ನಿಜ. ಬಣ್ಣವನ್ನೂ ತಿನ್ನುತ್ತದೆ, ಕಣ್ಣಿಗೆ ಹಾರಿದರೆ ಕಣ್ಣೂ ಹೋಗುತ್ತದೆ. ಬೇಡ ಅಂದೆ. ಗ್ಯಾಸ್ ಬೆಂಕಿ ಇನ್ನೊಂದು ಸಲಹೆ. ಬಿಸಿ ಮಾಡಿದರೆ ಅಲ್ಯೂಮಿನಿಯಂ ಉಕ್ಕಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತದೆ, ಒಳಗೆ ಇನ್ನೂ ಬಿಗಿಯಾಗುತ್ತದೆ. ಹಾಗಿದ್ದರೆ ತಣ್ಣಗೆ ಮಾಡಬೇಕು ಅಲ್ವಾ?

ಬಾಟಮ್ ಬ್ರಾಕೆಟ್ ಆಗಲೇ ಬಿಚ್ಚಿದ್ದರಿಂದ ಫ್ರೇಮನ್ನು ತಲೆಕೆಳಗೆ ನಿಲ್ಲಿಸಿದರೆ ಆ ತೂತಿನಿಂದ ಸೀಟ್ ಟ್ಯೂಬಿನ ಒಳಕ್ಕೆ ದಾರಿ ಇತ್ತು. ದಿನಾ ಬೆಳಿಗ್ಗೆ ಸಂಜೆ ಅಲ್ಲಿಂದ ತುಕ್ಕು ಬಿಡಿಸುವ ಎಣ್ಣೆ ಬಿಟ್ಟೆ. ಹತ್ತು ದಿನ. ಹನ್ನೊಂದನೇ ದಿನ ಬನ್ನಿಮಂಟಪದ ಹತ್ತಿರದ ಲೇತ್ ಶಾಪಿಗೆ ಹೊತ್ತುಕೊಂಡು ಹೋದೆ. ದಾರಿಯಲ್ಲಿ ಜ್ಯೂಸ್ ಅಂಗಡಿಯಿಂದ ಒಂದು ಚೀಲ ಐಸ್ ತಗೊಂಡೆ. ಪೋಸ್ಟಿನ ತುದಿಯನ್ನು ಬೆಂಚ್ ವೈಸಿಗೆ ಕಚ್ಚಿಸಿ, ಐಸ್ ಕುಟ್ಟಿ ಪುಡಿ ಮಾಡಿ ಮೇಲಿನಿಂದ ಪೋಸ್ಟಿನ ಟೊಳ್ಳಿಗೆ ತುಂಬಿದೆವು. ಕಾಲು ಗಂಟೆ ಕಾದೆವು. ಆಮೇಲೆ ಇಬ್ಬರೂ ಫ್ರೇಮನ್ನೇ ಸ್ಟಿಯರಿಂಗ್ ಥರ ಹಿಡಿದು ತಿರುಗಿಸಿದೆವು. ಮೊದಲ ಎರಡು ಸಲ ಏನೂ ಇಲ್ಲ. ಮೂರನೇ ಸಲಕ್ಕೆ 'ಟಣ್' ಅಂತು. ಲೇತ್ ಶಾಪಿನವರು ಹೆದರಿ ಕೈಬಿಟ್ಟರು, ಫ್ರೇಮ್ ಸೀಳಿತು ಅಂದುಕೊಂಡು. ನನಗೂ ಎದೆ ಧಸಕ್ಕೆಂದಿತು. ನೋಡಿದರೆ ಕೂದಲೆಳೆಯಷ್ಟು ತಿರುಗಿತ್ತು. ಅಲ್ಲಿಂದ ಮುಂದೆ ಎಣ್ಣೆ ಬಿಡುವುದು, ಆ ಕಡೆ ಈ ಕಡೆ ಆಡಿಸುವುದು. ಪೂರ್ತಿ ಹೊರಬರಲು ನಲವತ್ತು ನಿಮಿಷ. ಕ್ಯಾಲಿಪರ್ ಇಟ್ಟರೆ 27.2 ಮಿ.ಮೀ. ಇದೂ ಇವತ್ತು ಸಲೀಸಾಗಿ ಸಿಗುವ ಅಳತೆ.

ತುಕ್ಕಿನ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಸಣ್ಣ ನಟ್ಟು ಬೋಲ್ಟುಗಳನ್ನು ಆಕ್ಸಾಲಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿದೆ. ತುಕ್ಕು ಬಿಟ್ಟುಕೊಂಡಿತು. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ. ಅದು ವಿಷ, ಗ್ಲೌಸ್ ಬೇಕೇ ಬೇಕು, ಮಕ್ಕಳಿರುವ ಮನೆಯಲ್ಲಿ ಬಕೆಟ್ ಮುಚ್ಚಿಡಬೇಕು. ಹ್ಯಾಂಡಲ್ ಸ್ಟೆಮ್ಮಿನ ಕ್ರೋಮಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯ ಉಂಡೆ, ಸ್ವಲ್ಪ ನೀರು, ತೋಳಿನ ಶಕ್ತಿ. ಅಷ್ಟು ಸಾಕು.

ಬಣ್ಣದ ಬಗ್ಗೆ ಜನ ಜಾಸ್ತಿ ತಕರಾರು ಮಾಡಿದರು. ಪೌಡರ್ ಕೋಟಿಂಗ್ ಮಾಡಿಸು, ಹೊಸದರ ಹಾಗೆ ಆಗುತ್ತೆ ಅಂತ. ಮಾಡಿಸಬೇಕಾದರೆ ಮೊದಲು ಮರಳು ಹೊಡೆದು ಹಳೆ ಬಣ್ಣ ಎಬ್ಬಿಸುತ್ತಾರೆ. ಆ ಸ್ಟಿಕ್ಕರು, ಆ ಹಸಿರು, ಮೇಲಿನ ಟ್ಯೂಬಿನಲ್ಲಿ ದೊಡ್ಡಪ್ಪ ಸೈಕಲ್ ಒರಗಿಸಿ ಒರಗಿಸಿ ಸವೆದ ಗೆರೆ, ಯಾವುದೂ ಮತ್ತೆ ಬರುವುದಿಲ್ಲ. ನನ್ನ ಪ್ರಕಾರ ತುಕ್ಕು ರೋಗ, ಗೀರು ರೋಗ ಅಲ್ಲ. ತುಕ್ಕಿದ್ದ ಜಾಗ ಮಾತ್ರ ಉಜ್ಜಿ, ಪ್ರೈಮರ್ ಹಚ್ಚಿ, ಹತ್ತಿರದ ಹಸಿರು ತುಂಬಿದೆ. ಹತ್ತಿರ ನಿಂತು ನೋಡಿದರೆ ತೇಪೆ ಕಾಣುತ್ತದೆ. ಕಾಣಲಿ. ಕೊಳವೆಗಳ ಒಳಗೆ ಕಾಯಿಸಿದ ಅಗಸೆ ಎಣ್ಣೆ ಸುರಿದು, ಫ್ರೇಮನ್ನು ಎಲ್ಲಾ ಕಡೆ ತಿರುಗಿಸಿ, ಮಿಕ್ಕಿದ್ದನ್ನು ಬಸಿದೆ. ಒಣಗಿದ ಮೇಲೆ ಒಳಗೋಡೆಗೆ ತೆಳು ಪದರ ಕೂರುತ್ತದೆ, ತೇವ ತಾಗುವುದಿಲ್ಲ. ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುವುದುಂಟು. ನೀರಲ್ಲಿ ಅದ್ದಿ, ಹರಡಿ ಒಣಗಿಸಿ, ಆಮೇಲೆ ಬಿಸಾಕಿ.

ಈಗ ಮೊದಲ ಪರೀಕ್ಷೆ. ಹಳೆಯ ಹಿಂದಿನ ಚಕ್ರ ಐದು ಗೇರಿನದು, ಆಕ್ಸಲ್ ಕೂರುವ, ಫ್ರೇಮಿನ ಹಿಂದಿನ ಎರಡು ಕಿವಿಗಳ ನಡುವೆ 120 ಮಿ.ಮೀ. ಜಾಗ. ರಿಮ್ ಬ್ರೇಕಿನ ಈಗಿನ ರೋಡ್ ಸೈಕಲ್ಲಿನ ಹಬ್ಬಿಗೆ, ಅಂದರೆ ಚಕ್ರದ ನಡುಭಾಗಕ್ಕೆ, 130 ಬೇಕು. 10 ಮಿ.ಮೀ. ಅಗಲ ಮಾಡಬೇಕು. ಕತ್ತರಿಸುವುದಿಲ್ಲ, ಕೊರೆಯುವುದಿಲ್ಲ, ಬಗ್ಗಿಸುವುದು. ಅಲ್ಯೂಮಿನಿಯಂ, ಕಾರ್ಬನ್ ಫ್ರೇಮಿಗೆ ಇದನ್ನು ಮಾಡುವ ಹಾಗೇ ಇಲ್ಲ. ಉಕ್ಕಿಗೆ ಮಾಡಬಹುದು, ಬೇಕಾದರೆ ವಾಪಸ್ಸೂ ಬಗ್ಗಿಸಬಹುದು. ಆದರೂ ದೊಡ್ಡಪ್ಪನನ್ನು ಕೇಳದೆ ಕೈ ಹಾಕಲು ಮನಸ್ಸು ಬರಲಿಲ್ಲ. ಅವರು ಫ್ಯಾಕ್ಟರಿಯಲ್ಲಿ ಇದ್ದವರು. "ಬೆಂಕಿ ತೋರಿಸ್ದೆ, ತಣ್ಣಗೇ ಬಗ್ಗಿಸ್ತೀಯ? ಹಾಗಾದ್ರೆ ಮಾಡು. ನಾನೂ ಕೂತ್ಕೋತೀನಿ" ಅಂದರು. ಕುರ್ಚಿ ಹಾಕಿಕೊಂಡು ಪಕ್ಕದಲ್ಲೇ ಕೂತರು.

ಹಾರ್ಡ್‌ವೇರ್ ಅಂಗಡಿಯಿಂದ 10 ಮಿ.ಮೀ. ಥ್ರೆಡ್ ರಾಡು ತಂದೆ. ಎರಡು ಕಿವಿಗಳ ಮಧ್ಯೆ ಕೂರಿಸಿ, ಒಳಗಡೆ ಎರಡು ನಟ್ಟು, ಎರಡು ವಾಷರು. ನಟ್ಟುಗಳನ್ನು ಹೊರಕ್ಕೆ ತಿರುಗಿಸುತ್ತಾ ಹೋದರೆ ಫ್ರೇಮ್ ಅಗಲವಾಗುತ್ತದೆ. 130ಕ್ಕೆ ತಂದು ಬಿಟ್ಟರೆ 130ಕ್ಕೆ ನಿಲ್ಲುವುದಿಲ್ಲ, ಉಕ್ಕು ಸ್ಪ್ರಿಂಗಿನ ಹಾಗೆ ವಾಪಸ್ ಬರುತ್ತದೆ. 140ಕ್ಕೆ ಎಳೆದು ಬಿಟ್ಟೆ, 122ಕ್ಕೆ ಬಂತು. 150ಕ್ಕೆ ಎಳೆದೆ, 126. ಪ್ರತಿ ಸಲ ನಟ್ಟು ಪೂರ್ತಿ ಬಿಚ್ಚಿ ಅಳೆಯಬೇಕು. ಆತುರ ಕೂಡದು. 156ಕ್ಕೆ ಎಳೆದು ಬಿಟ್ಟಾಗ 130ಕ್ಕೆ ಬಂದು ನಿಂತಿತು.

ದೊಡ್ಡಪ್ಪ ಎದ್ದು ಒಳಗೆ ಹೋಗಿ ಹೂ ಕಟ್ಟುವ ದಾರದ ಉಂಡೆ ತಂದರು. "ಅಗಲ ಆಯ್ತು. ಸಮ ಆಯ್ತಾ?" ಒಂದು ಕಿವಿಗೆ ದಾರ ಕಟ್ಟಿ, ಮುಂದೆ ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬ್ ಸುತ್ತಿಸಿ, ಇನ್ನೊಂದು ಕಿವಿಗೆ ಬಿಗಿಯಾಗಿ ಕಟ್ಟಿದೆವು. ಈಗ ದಾರಕ್ಕೂ ಸೀಟ್ ಟ್ಯೂಬಿಗೂ ನಡುವಿನ ದೂರ ಎರಡೂ ಕಡೆ ಒಂದೇ ಇರಬೇಕು. ಎಡಗಡೆ 28 ಮಿ.ಮೀ., ಬಲಗಡೆ 31. ಬಲಗಡೆ ಚೈನ್ ಚಕ್ರಕ್ಕೆ ಜಾಗ ಬಿಡಲು ಕೊಳವೆಯನ್ನು ತಗ್ಗಿಸಿರುತ್ತಾರೆ, ಅಲ್ಲಿ ಬಲ ಕಡಿಮೆ, ಹಾಗಾಗಿ ಆ ಕಡೆ ಜಾಸ್ತಿ ಬಗ್ಗಿತ್ತು. ನಾಲ್ಕಡಿ ಉದ್ದದ ಮರದ ರೀಪಿಗೆ ಹಳೆ ಟ್ಯೂಬ್ ಸುತ್ತಿ, ಹೆಡ್ ಟ್ಯೂಬಿಗೂ ಸೀಟ್ ಟ್ಯೂಬಿಗೂ ಆನಿಸಿ ಸನ್ನೆ ಹಾಕಿದೆ. ಎಡಗಡೆ ಒಂಚೂರು ಹೊರಕ್ಕೆ, ಬಲಗಡೆ ಒಂಚೂರು ಒಳಕ್ಕೆ. ಮತ್ತೆ ದಾರ, ಮತ್ತೆ ಅಳತೆ. ಆರು ಸಲ. ಸಂಜೆ ಐದೂವರೆಗೆ ಎರಡೂ ಕಡೆ 29.5. ದೊಡ್ಡಪ್ಪ ತಾವೇ ಸ್ಕೇಲ್ ಇಟ್ಟು, ಕನ್ನಡಕ ತೆಗೆದು, ಹತ್ತಿರ ಬಗ್ಗಿ ನೋಡಿದರು. ಆಮೇಲೆ ದಾರ ಬಿಚ್ಚಿ ಮತ್ತೆ ಉಂಡೆಗೆ ಸುತ್ತಿಟ್ಟರು.

ಕಿವಿಗಳು ಒಂದಕ್ಕೊಂದು ಸಮಾನಾಂತರವಾಗಿಯೂ ಇರಬೇಕು, ಇಲ್ಲದಿದ್ದರೆ ಆಕ್ಸಲ್ ಮುರಿಯುತ್ತದೆ. ಎರಡೂ ಕಿವಿಗೆ ಒಂದೊಂದು ಉದ್ದ ಬೋಲ್ಟು ಬಿಗಿದು, ಅವುಗಳ ತುದಿ ಮಧ್ಯದಲ್ಲಿ ನೇರ ಎದುರುಬದುರು ಬರುವ ತನಕ ಸ್ಕ್ರೂ ಸ್ಪ್ಯಾನರಿನಿಂದ ತಿದ್ದಿದೆ.

ಚಕ್ರದ ಅಳತೆಯಲ್ಲಿ ನಮ್ಮೂರಿನಲ್ಲಿ ದೊಡ್ಡ ಗೊಂದಲ ಇದೆ. ಹಳೆಯದು 27 ಇಂಚು, ಒಂದೂಕಾಲು ಅಗಲ. ಆ ಟೈರ್ ನನಗೆ ಮೈಸೂರಿನ ಯಾವ ಅಂಗಡಿಯಲ್ಲೂ ಸಿಗಲಿಲ್ಲ. "28ರದ್ದು ಹಾಕಿ ಸಾರ್, ಆಗುತ್ತೆ" ಅಂದವರೇ ಎಲ್ಲ. ಆಗುವುದಿಲ್ಲ. ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ವ್ಯಾಸ ನೋಡಬೇಕು. 27 ಇಂಚಿನದು 630 ಮಿ.ಮೀ. ನಮ್ಮ ಕರಿ ಸೈಕಲ್ಲಿನ 28, ಒಂದೂವರೆಯದು 635. ಈಗಿನ 700ಸಿ ಅನ್ನುವುದು 622. ಟೈರಿನ ಮಗ್ಗುಲಲ್ಲಿ ಈ ಮೂರಂಕಿ ಅಚ್ಚಾಗಿರುತ್ತದೆ. ಅದನ್ನು ನಂಬಿ, ಇಂಚಿನ ಹೆಸರನ್ನಲ್ಲ. ನಾನು 622 ಆರಿಸಿಕೊಂಡೆ. ರಿಮ್ಮು 4 ಮಿ.ಮೀ. ಕೆಳಗಿಳಿಯುತ್ತದೆ, ಅಷ್ಟು ಜಾಗ ಟೈರಿಗೆ ಸಿಗುತ್ತದೆ. 32 ಮಿ.ಮೀ. ಅಗಲದ ಟೈರು ಹಳೆಯ ಮಡ್‌ಗಾರ್ಡಿನ ಒಳಗೆ ಆರಾಮಾಗಿ ಕೂತಿತು.

ಚಕ್ರ ಕಟ್ಟಿದ್ದು ಭಾಯ್. ಅಲ್ಯೂಮಿನಿಯಂ ರಿಮ್ಮು, ಹಿಂದೆ ಮುಂದೆ ಎರಡಕ್ಕೂ 36 ಕಡ್ಡಿ. ಅವರ ಕೈ ಪಳಗಿದ್ದು ಮುಂದೆ 32, ಹಿಂದೆ 40 ಕಡ್ಡಿಯ ಕರಿ ಸೈಕಲ್ ಲೆಕ್ಕಕ್ಕೆ. ಆದರೂ ಒಂದು ಸಲ ನೋಡಿದ್ದೇ ಸಾಕಾಯಿತು. ಬೆಂಡ್ ತೆಗೆಯುವಾಗ ಅವರು ಕಣ್ಣಿಗಿಂತ ಕಿವಿಯನ್ನು ಹೆಚ್ಚು ನಂಬುತ್ತಾರೆ. ಒಂದೊಂದು ಕಡ್ಡಿಯನ್ನೂ ಉಗುರಿನಿಂದ ಮೀಟುತ್ತಾರೆ. ದನಿ ತಗ್ಗಿದ್ದರೆ ಅರ್ಧ ಸುತ್ತು ಬಿಗಿ, ಏರಿದ್ದರೆ ಕಾಲು ಸುತ್ತು ಸಡಿಲ. ಹಿಂದಿನ ಚಕ್ರದಲ್ಲಿ ಗೇರ್ ಕಡೆಯ ಕಡ್ಡಿಗಳು ಜಾಸ್ತಿ ಬಿಗಿ ಇರಬೇಕು, ದನಿ ಮೇಲಿರಬೇಕು. ಎರಡು ಕಡೆಗೆ ಎರಡು ಶ್ರುತಿ.

ಬ್ರೇಕಿನ ವಿಷಯಕ್ಕೆ ಬರುತ್ತೇನೆ. ಈ ಇಡೀ ಕೆಲಸ ನಡೆದದ್ದೇ ಅದಕ್ಕಾಗಿ. ಹಳೆಯ ಚಕ್ರದ ರಿಮ್ಮು ಕ್ರೋಮ್ ಹಾಕಿದ ಉಕ್ಕು. ಕನ್ನಡಿಯಷ್ಟು ನುಣುಪು. ಒಣಗಿದ್ದಾಗ ಪರವಾಗಿಲ್ಲ, ಒದ್ದೆಯಾದರೆ ರಬ್ಬರು ಜಾರುತ್ತದೆ. ದೊಡ್ಡಪ್ಪನ ತಪ್ಪು ಏನೂ ಇರಲಿಲ್ಲ. ಆ ರಿಮ್ಮಿಗೆ ಮಳೆಯಲ್ಲಿ ಎಷ್ಟೇ ಒತ್ತಿದರೂ ಅಷ್ಟೇ. ಅಲ್ಯೂಮಿನಿಯಂ ರಿಮ್ಮಿಗೆ ಬದಲಾಯಿಸಿದ್ದರಲ್ಲೇ ಅರ್ಧ ಕೆಲಸ ಆಗಿತ್ತು. ಇನ್ನರ್ಧ ಬ್ರೇಕಿನದು.

ರಿಮ್ಮು 4 ಮಿ.ಮೀ. ಕೆಳಗೆ ಹೋಗಿದ್ದರಿಂದ ಹಳೆ ಬ್ರೇಕಿನ ಕೈಗೆ ಎಟುಕುವುದಿಲ್ಲ. ಬ್ರೇಕ್ ಬೋಲ್ಟಿನ ತೂತಿನಿಂದ ರಿಮ್ಮಿನ ನಡುವಿಗೆ ಅಳೆದೆ. ಮುಂದೆ 62 ಮಿ.ಮೀ., ಹಿಂದೆ 66. ಮಾಮೂಲಿ ರೋಡ್ ಬ್ರೇಕು ಅಷ್ಟು ಉದ್ದ ಬರುವುದಿಲ್ಲ, ಉದ್ದ ಕೈಯ, ಎರಡು ಕೀಲಿನ 'ಲಾಂಗ್ ರೀಚ್ ಡ್ಯುಯಲ್ ಪಿವಟ್' ಬ್ರೇಕು ಬೇಕು. ತರಿಸಿದೆ. ಡಬ್ಬ ಬಿಚ್ಚಿದರೆ ಎದೆ ಕುಸಿಯಿತು. ಈಗಿನ ಬ್ರೇಕುಗಳ ಬೋಲ್ಟು ಗಿಡ್ಡ. ಮುಂದಿನ ಚಕ್ರ ಹಿಡಿಯುವ ಫೋರ್ಕಿನ ಹಿಂದಿನಿಂದ ಒಂದು ಉದ್ದನೆಯ ಅಲೆನ್ ನಟ್ಟು ಒಳಗೆ ಹೋಗಿ ಅದನ್ನು ಹಿಡಿಯುತ್ತದೆ. ಆ ನಟ್ಟಿಗೆ 8 ಮಿ.ಮೀ. ತೂತು ಬೇಕು. ನಮ್ಮ ಫೋರ್ಕಿನಲ್ಲಿ ಇರುವುದು 6.

ಎರಡು ಮಿ.ಮೀ. ಅಷ್ಟೇ. ಡ್ರಿಲ್ ಮನೆಯಲ್ಲೇ ಇತ್ತು. 8ರ ಬಿಟ್ಟೂ ಇತ್ತು. ಬೇರೆಯವರು ಇದನ್ನು ದಿನಾ ಮಾಡುತ್ತಾರೆ, ಫೋರ್ಕಿಗೆ ಏನೂ ಆಗುವುದಿಲ್ಲ ಅಂತ ಗೊತ್ತು. ದೊಡ್ಡಪ್ಪನಿಗೆ ಹೇಳದಿದ್ದರೆ ಗೊತ್ತೂ ಆಗುತ್ತಿರಲಿಲ್ಲ, ತೂತು ಬ್ರೇಕಿನ ಹಿಂದೆ ಮುಚ್ಚಿಹೋಗುತ್ತದೆ. ಬಿಟ್ಟನ್ನು ಡ್ರಿಲ್ಲಿಗೆ ಸಿಕ್ಕಿಸಿ, ಫೋರ್ಕನ್ನು ಮಂಡಿ ಮೇಲಿಟ್ಟುಕೊಂಡು ತುಂಬಾ ಹೊತ್ತು ಕೂತಿದ್ದೆ. ಕೊನೆಗೆ ಡ್ರಿಲ್ಲಿನ ಪ್ಲಗ್ ಕಿತ್ತೆ. ಬ್ರೇಕ್ ವಾಪಸ್ ಕಳಿಸಿದೆ. ಅದೇ ಬ್ರೇಕು ಹಳೆ ಥರದ ಉದ್ದ ಬೋಲ್ಟು, ಹೊರಗಿನ ನಟ್ಟಿನ ಜೊತೆಗೂ ಬರುತ್ತದೆ ಅಂತ ಹುಡುಕಿದ ಮೇಲೆ ತಿಳಿಯಿತು. ಬರಲು ಐದು ವಾರ ಹಿಡಿಯಿತು. ಏಪ್ರಿಲ್ ಪೂರ್ತಿ ಸೈಕಲ್ ಬ್ರೇಕಿಲ್ಲದೆ ಗೋಡೆಗೆ ಒರಗಿತ್ತು. ನಿಮ್ಮ ಹತ್ತಿರ ಹಳೆ ಫ್ರೇಮ್ ಇದ್ದರೆ ಬ್ರೇಕ್ ಕೊಳ್ಳುವ ಮೊದಲು ಎರಡು ಅಳತೆ ತಗೊಳ್ಳಿ: ತೂತಿನಿಂದ ರಿಮ್ಮಿಗೆ ಎಷ್ಟು, ತೂತಿನ ಅಗಲ ಎಷ್ಟು.

ಬ್ರೇಕ್ ಪ್ಯಾಡ್ ಕೂರಿಸುವಾಗ ಪ್ಯಾಡಿನ ಹಿಂಭಾಗಕ್ಕೆ ಒಂದು ವಿಸಿಟಿಂಗ್ ಕಾರ್ಡ್ ಸಿಕ್ಕಿಸಿ ಬಿಗಿ ಮಾಡಿದೆ. ಮುಂಭಾಗ ಮೊದಲು ತಾಗುವ ಹಾಗೆ ಕೂರುತ್ತದೆ, ಕೀಚಲು ಸದ್ದು ಬರುವುದಿಲ್ಲ. ಲಿವರ್ ಹೊಸದು. ಇಂಗ್ಲೆಂಡಿನಲ್ಲೂ ನಮ್ಮಲ್ಲೂ ಬಲಗೈಗೆ ಮುಂದಿನ ಬ್ರೇಕೇ, ಹಾಗಾಗಿ ಕೇಬಲ್ ದಾರಿ ಬದಲಿಸಬೇಕಾಗಲಿಲ್ಲ.

ಗೇರು ಎಂಟು ಹಾಕಿದೆ. ಒಂಬತ್ತು, ಹತ್ತು ಹಾಕಬಹುದಿತ್ತು. ಎಂಟರ ಚೈನು ಅಗ್ಗ, ಮಂಡ್ಯದ ಸಣ್ಣ ಅಂಗಡಿಯಲ್ಲೂ ಸಿಗುತ್ತದೆ. ದೂರ ಹೋಗುವ ಸೈಕಲ್ಲಿಗೆ ಅದು ಮುಖ್ಯ. ಹಿಂದೆ 11ರಿಂದ 34 ಹಲ್ಲು, ಮುಂದೆ 48 ಮತ್ತು 34. ಹಳೆಯದರಲ್ಲಿ ಅತಿ ಹಗುರ ಗೇರು ಅಂದರೆ ಮುಂದೆ 40, ಹಿಂದೆ 28. ಪೆಡಲ್ ಒಂದು ಸುತ್ತು ತುಳಿದರೆ ಸೈಕಲ್ 3.1 ಮೀಟರ್ ಹೋಗಬೇಕು. ಏರಿನಲ್ಲಿ ಅದು ಮಂಡಿ ಮುರಿಯುವ ಲೆಕ್ಕ. ಈಗ 34ಕ್ಕೆ 34, ಒಂದು ಸುತ್ತಿಗೆ 2.15 ಮೀಟರ್. ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ನೇತುಹಾಕಲು ಫ್ರೇಮಿನಲ್ಲೇ ಕೊಂಡಿ ಇಲ್ಲ. ಮಕ್ಕಳ ಗೇರ್ ಸೈಕಲ್ಲಿಗೆ ಬರುವ ಬೋಲ್ಟ್ ಹ್ಯಾಂಗರ್ ಸರಿಯಾಗಿ ಕೂತಿತು.

ಗೇರಿನ ಲಿವರ್ ಮಾತ್ರ ಹಳೆಯದೇ ಉಳಿಸಿದೆ. ಕೆಳಗಿನ ಟ್ಯೂಬಿನ ಮೇಲೆ ಪಟ್ಟಿ ಹಾಕಿ ಬಿಗಿದ ಎರಡು ಪುಟ್ಟ ಲಿವರ್. ಕ್ಲಿಕ್ ಇಲ್ಲ, ನಂಬರ್ ಇಲ್ಲ. ಎಳೆದು, ಸದ್ದು ಕೇಳಿ, ಒಂಚೂರು ವಾಪಸ್ ಬಿಡಬೇಕು. ಐದು ಗೇರಿಗೆ ಮಾಡಿದ್ದು ಎಂಟಕ್ಕೂ ಸಲೀಸಾಗಿ ಎಳೆಯುತ್ತದೆ. ಬಿಚ್ಚಿ ತೊಳೆದು, ಎಲ್ಲದಕ್ಕೂ ಹಚ್ಚಿದ ಹಾಗೆ ಇದಕ್ಕೂ ಎಣ್ಣೆ ಹಚ್ಚಿದ್ದೆ. ಅದು ತಪ್ಪಾಯಿತು. ಬೆಟ್ಟದ ಪಾದದ ಹತ್ತಿರ ಮೊದಲ ಸಲ ಏರಿಸುವಾಗ ಗೇರು ತಾನಾಗಿ ಜಾರಿ ಭಾರದ ಗೇರಿಗೆ ಬಿತ್ತು. ಆ ಲಿವರ್ ನಿಲ್ಲುವುದೇ ವಾಷರುಗಳ ಉಜ್ಜಾಟದಿಂದ. ಎಣ್ಣೆ ಹಾಕಿದರೆ ಡಿರೇಲರಿನ ಸ್ಪ್ರಿಂಗು ಗೆಲ್ಲುತ್ತದೆ. ಪೆಟ್ರೋಲಿನಲ್ಲಿ ತೊಳೆದು, ಒಣಗಿಸಿ, ಚಿಟ್ಟೆ ಸ್ಕ್ರೂ ಒಂದು ಕೈ ಬಿಗಿ ಮಾಡಿದೆ. ಆಮೇಲೆ ಜಾರಲಿಲ್ಲ.

ಹ್ಯಾಂಡಲ್ ಪಟ್ಟಿಗೆ ತುಂಬಾ ದಿನ ಕೊಟ್ಟೆ, ಬೇಕಂತಲೇ. ಹತ್ತಿಯ ಪಟ್ಟಿ ಸುತ್ತಿ, ಮೇಲೆ ಅರಗು ಬಳಿಯುವುದು ಹಳೆ ಟೂರಿಂಗ್ ಸೈಕಲ್‌ಗಳ ಪದ್ಧತಿ. ಅರಗು ಅಂದರೆ ಮೈಸೂರಿಗೆ ಹೊಸದಲ್ಲ. ನಮ್ಮ ಓಟಿನ ಶಾಯಿ ಮಾಡುವ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರಲ್ಲೇ ಅರಗು ಇತ್ತು, ಮೈಸೂರು ಲ್ಯಾಕ್ ಅಂತ. ಮರಕ್ಕೆ ಫ್ರೆಂಚ್ ಪಾಲಿಶ್ ಮಾಡುವವರ ಹತ್ತಿರ ಅರಗಿನ ಹಳುಕು ಇಸಕೊಂಡು ಸ್ಪಿರಿಟ್ಟಿನಲ್ಲಿ ರಾತ್ರಿಯಿಡೀ ಕರಗಿಸಿದೆ. ಮೊದಲ ಕೈ ಬಳಿದಾಗ ಬಿಳಿ ಪಟ್ಟಿ ಚಹಾ ಬಣ್ಣಕ್ಕೆ ತಿರುಗಿತು. ನಾಲ್ಕನೇ ಕೈಗೆ ಜೋನಿಬೆಲ್ಲದ ಬಣ್ಣ. ಮುಟ್ಟಿದರೆ ಗಟ್ಟಿ, ಆದರೆ ಒಳಗಿನ ನೇಯ್ಗೆ ಬೆರಳಿಗೆ ಸಿಗುತ್ತದೆ. ಬೆವರಿದರೂ ಜಾರುವುದಿಲ್ಲ. ಕೊಳೆಯಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಇನ್ನೊಂದು ಕೈ ಬಳಿದರಾಯಿತು.

ಸೀಟಿನ ಚರ್ಮ ರಿವೆಟ್ಟಿನ ಹತ್ತಿರ ಹರಿದಿತ್ತು, ಹೊಸ ಸೀಟು ಹಾಕಿದೆ. ಹಳೆಯದು ಟ್ರಂಕಿನಲ್ಲಿದೆ.

ಜೂನ್ ಕೊನೆಯ ಭಾನುವಾರ ಮೇಲುಕೋಟೆಗೆ ಹೊರಟೆ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ, ಸುಮಾರು 50 ಕಿ.ಮೀ. ದೊಡ್ಡಪ್ಪ ಇದೇ ಸೈಕಲ್ಲಿನಲ್ಲಿ ಅಲ್ಲಿಗೆ ಹೋಗಿದ್ದವರು. ಜಕ್ಕನಹಳ್ಳಿಯಿಂದ ಮೇಲೆ ಏರಿನಲ್ಲಿ ಇಳಿದು ತಳ್ಳಿಕೊಂಡು ಹೋದೆ ಅನ್ನುತ್ತಿದ್ದರು. ಬೆಳಿಗ್ಗೆ ಐದೂವರೆಗೆ ಬಿಟ್ಟೆ. ಪಾಂಡವಪುರ ದಾಟಿದ ಮೇಲೆ ಎರಡೂ ಕಡೆ ಕಬ್ಬು, ಗದ್ದೆ, ನಾಲೆ ನೀರಿನ ವಾಸನೆ. ಉಕ್ಕಿನ ಫ್ರೇಮು ಕೆಟ್ಟ ರಸ್ತೆಯಲ್ಲಿ ಮೈ ಕುಲುಕಿಸುವುದಿಲ್ಲ, ಹಳ್ಳವನ್ನು ನುಂಗಿಕೊಂಡು ಹೋಗುತ್ತದೆ. ಏರು ಶುರುವಾದಾಗ ಲಿವರ್ ಪೂರ್ತಿ ಎಳೆದೆ. 34ಕ್ಕೆ 34. ನಡೆದುಕೊಂಡು ಹೋಗುತ್ತಿದ್ದ ಒಬ್ಬ ಅಜ್ಜ ನನ್ನ ಪಕ್ಕದಲ್ಲಿ ಸ್ವಲ್ಪ ದೂರ ಮಾತಾಡಿಕೊಂಡೇ ಬಂದರು, ಅಷ್ಟು ನಿಧಾನ. ಆದರೆ ಇಳಿಯಲಿಲ್ಲ. ಕಲ್ಯಾಣಿ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ತಿಂದೆ.

ವಾಪಸ್ ಹೊರಡುವಾಗ ಮಳೆ. ಸಣ್ಣಗೆ ಶುರುವಾಗಿದ್ದು ಇಳಿಜಾರಿಗೆ ಬರುವಷ್ಟರಲ್ಲಿ ಜೋರಾಯಿತು. ಮೊದಲ ತಿರುವಿಗೆ ತುಂಬಾ ಮೊದಲೇ ಎರಡೂ ಬ್ರೇಕ್ ಮೆಲ್ಲಗೆ ಒತ್ತಿದೆ. ಚಕ್ರದ ಅರ್ಧ ಸುತ್ತು ನೀರು ಒರೆಸಿಕೊಂಡಿತು, ಆಮೇಲೆ ಪ್ಯಾಡು ಕಚ್ಚಿತು. ವೇಗ ಇಳಿಯುವುದು ಬೆರಳಿಗೆ ಗೊತ್ತಾಗುತ್ತಿತ್ತು. ತಿರುವಿನಲ್ಲಿ ಬೇಕಂತಲೇ ಪೂರ್ತಿ ನಿಲ್ಲಿಸಿದೆ. ಒಂದು ಕಾಲು ನೆಲಕ್ಕೆ ಊರಿ, ಮಳೆಯಲ್ಲೇ ಸ್ವಲ್ಪ ಹೊತ್ತು ನಿಂತೆ. ಮತ್ತೆ ಹೊರಟೆ, ಮುಂದಿನ ತಿರುವಿನಲ್ಲಿ ಮತ್ತೆ ನಿಲ್ಲಿಸಿದೆ.

ಸಂಜೆ ಸರಸ್ವತಿಪುರಂ ಮುಟ್ಟಿದಾಗ ಸೈಕಲ್ ತುಂಬಾ ಕೆಸರು. ಹಿಂದಿನ ಮಡ್‌ಗಾರ್ಡಿನ ಒಂದು ಬೋಲ್ಟು ದಾರಿಯಲ್ಲೇ ಬಿದ್ದುಹೋಗಿ ತಂತಿ ಕಟ್ಟಿಕೊಂಡು ಬಂದಿದ್ದೆ. ಹಿಂದಿನ ಚಕ್ರದಲ್ಲಿ ಎರಡು ಕಡ್ಡಿ ಸಡಿಲ ಆಗಿದ್ದವು. ಹೊಸದಾಗಿ ಕಟ್ಟಿದ ಚಕ್ರ ಮೊದಲ ನೂರು ಕಿಲೋಮೀಟರಿಗೆ ಕೂರುವುದು ಹಾಗೇ, ಬುಧವಾರ ತಗೊಂಡು ಬನ್ನಿ ಅಂತ ಭಾಯ್ ಹೇಳಿದ್ದಾರೆ. ದೊಡ್ಡಪ್ಪ ಗೇಟಿನ ಹತ್ತಿರವೇ ಕಾದಿದ್ದರು. ಎಲ್ಲಿ ತನಕ ಹೋಗಿದ್ದೆ, ಎಷ್ಟು ಹೊತ್ತು ಆಯಿತು, ಯಾವುದೂ ಕೇಳಲಿಲ್ಲ. ಬಗ್ಗಿ ಮುಂದಿನ ರಿಮ್ಮಿನ ಮೇಲೆ ಹೆಬ್ಬೆರಳು ಎಳೆದರು. ಒದ್ದೆಯಲ್ಲಿ ಪ್ಯಾಡು ಉಜ್ಜಿದ ಕರಿ ಮಸಿ ಬೆರಳಿಗೆ ಹತ್ತಿತು.

"ಹಿಡೀತಾ?"

"ಹಿಡೀತು ದೊಡ್ಡಪ್ಪ. ಎರಡು ಸಲ ನಿಲ್ಲಿಸಿ ನೋಡಿದೆ."

ಅವರು ಬೆರಳನ್ನು ಇನ್ನೊಂದು ಸಲ ನೋಡಿಕೊಂಡರು. ದೊಡ್ಡಮ್ಮ ಒಳಗಿಂದ ಒಂದು ಹಳೆ ಬನಿಯನ್ ತಂದು ನನ್ನ ಕೈಗೆ ಕೊಟ್ಟರು. "ಒಳಗೆ ತರೋಕ್ ಮುಂಚೆ ಚಕ್ರ ಒರೆಸು. ಅಟ್ಟಕ್ಕೇನೂ ಬೇಡ, ಜಗಲಿ ಮೇಲೆ ನಿಲ್ಲಿಸು. ನಾಳೆ ಬೆಳಿಗ್ಗೆ ಅವರೂ ಒಂದ್ ಸುತ್ತು ಹಾಕ್ತಾರಂತೆ. ರೋಡಿನ ಆ ತುದಿ ತನಕ, ಅಷ್ಟೇ."